ಆಯುಷ್ಯ ಹಂಚಿಕೊಂಡವರ ಸೀಮೆ

"ಯಾವಾಗ ಆರಾಮ ಆಗ್ತದ್ರೀ?"

ರಾಯಚೂರಿನ ಯಾವುದೇ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಅರ್ಧ ತಾಸು ಕುಳಿತರೆ ಈ ಮಾತು ಕಿವಿಗೆ ಬೀಳದೆ ಇರದು. ಮಲೇರಿಯಾಕ್ಕೆ, ಕಾಮಾಲೆಗೆ, ಬೈಕಿನಿಂದ ಬಿದ್ದು ಮುರಿದ ಕೈಗೆ ಇದಕ್ಕೊಂದು ಉತ್ತರ ಸಿಗುತ್ತದೆ. ಹದಿನೈದು ದಿನ ಅನ್ನುತ್ತಾರೆ, ಇಲ್ಲವೇ ಪ್ಲಾಸ್ಟರ್ ತೆಗೆದ ಮೇಲೆ ಅನ್ನುತ್ತಾರೆ. ಹದಿನಾರರ ಹುಡುಗನಿಗೆ ಟೈಪ್ 1 ಮಧುಮೇಹ ಎಂದು ಗೊತ್ತಾದ ದಿನವೂ, ಹತ್ತೊಂಬತ್ತರ ಹುಡುಗಿಯ ಚೀಟಿಯಲ್ಲಿ ಮೂರ್ಛೆರೋಗ ಎಂದು ಬರೆದ ದಿನವೂ ಅಪ್ಪ ಕೇಳುವುದು ಇದೇ ಪ್ರಶ್ನೆಯನ್ನೇ. ಡಾಕ್ಟರ ಮುಂದೆ ಇನ್ನೂ ಅರವತ್ತು ಮಂದಿಯ ಪಾಳಿ ಇರುತ್ತದೆ. "ಔಷಧ ಬಿಡಬ್ಯಾಡ್ರಿ, ಅಷ್ಟೇ" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಆ ಮಾತಿನೊಳಗೆ ಎಷ್ಟು ವರ್ಷಗಳಿವೆ ಎಂಬುದು ಆ ಹುಡುಗನಿಗೆ ತಿಳಿಯುವುದು ಮಾತ್ರ ಬಸ್ಸಿನಲ್ಲಿ ಊರಿಗೆ ಮರಳುವಾಗ, ಇಲ್ಲವೇ ಇನ್ನೂ ಆರು ತಿಂಗಳ ಮೇಲೆ.

ವಯಸ್ಸಾದವರಿಗೆ ಶುಗರ್ ಬಂದರೆ ಊರಲ್ಲಿ ಅದಕ್ಕೊಂದು ಜಾಗ ಇದೆ. ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬಿಬ್ಬರಿಗೆ ಇದ್ದೇ ಇರುತ್ತದೆ. ಸಕ್ಕರೆ ಇಲ್ಲದ ಚಹಾ, ಮೆಂತ್ಯೆ, ಬೆಳಗಿನ ನಡಿಗೆ ಎಲ್ಲವೂ ಹರಟೆಯ ಸಾಮಾನು. ಹದಿನೇಳರ ಹುಡುಗನಿಗೆ ಆ ಕಟ್ಟೆಯಲ್ಲಿ ಜಾಗವಿಲ್ಲ, ಕ್ರಿಕೆಟ್ ಆಡುವ ಗೆಳೆಯರ ನಡುವೆಯೂ ಮೊದಲಿನ ಜಾಗ ಉಳಿದಿಲ್ಲ. "ಈ ವಯಸ್ಸಿಗೇ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡವರ ಮುಖವನ್ನು ಅವನು ಮರೆಯುವುದಿಲ್ಲ. ಮೈಕೆಲ್ ಬರಿ ಎಂಬ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಕೀಲುವಾತದ ರೋಗಿಗಳ ಜೊತೆ ಮಾತನಾಡಿ 1982ರಲ್ಲಿ ಒಂದು ಲೇಖನ ಬರೆದ. ದೀರ್ಘ ಕಾಯಿಲೆಯು ಮನುಷ್ಯ ತನ್ನ ಬದುಕಿನ ಬಗ್ಗೆ ತಾನೇ ಕಟ್ಟಿಕೊಂಡ ಕಥೆಯನ್ನು ನಡುವೆ ಕಡಿಯುತ್ತದೆ ಎಂಬುದು ಅವನ ವಾದ. ಐವತ್ತರಲ್ಲಿ ಕಡಿದರೆ ಹಿಂದಿನ ಕಥೆಯಾದರೂ ಕೈಯಲ್ಲಿರುತ್ತದೆ. ಹದಿನೇಳರಲ್ಲಿ ಕಥೆ ಇರುವುದೆಲ್ಲ ಮುಂದೆ. ಪಿಯುಸಿ ಮುಗಿಸಿ ಪೊಲೀಸ್ ಆಗಬೇಕು, ಅಕ್ಕನ ಮದುವೆಗೆ ದುಡಿಯಬೇಕು, ಬೆಂಗಳೂರಿಗೆ ಹೋಗಬೇಕು ಎಂದು ಹಾಕಿಕೊಂಡ ಲೆಕ್ಕವೆಲ್ಲ ಒಂದೇ ಮಧ್ಯಾಹ್ನ ಬುಡಮೇಲು.

ಟೈಪ್ 1 ಮಧುಮೇಹದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ನೋವು ಶುರುವಾಗುವುದೇ ಅದನ್ನು ಅಜ್ಜನ ಶುಗರ್ ಎಂದು ತಿಳಿಯುವುದರಿಂದ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ನಾಶ ಮಾಡುತ್ತದೆ. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಹುಡುಗ ಹಬ್ಬಕ್ಕೆ ಎಷ್ಟು ಹೋಳಿಗೆ ತಿಂದಿದ್ದ ಎಂಬ ವಿಚಾರಣೆ ದಂಡ. ಅತಿಯಾದ ಬಾಯಾರಿಕೆ, ರಾತ್ರಿ ಪದೇಪದೇ ಏಳುವುದು, ಚೆನ್ನಾಗಿ ತಿಂದರೂ ಮೈ ಇಳಿಯುವುದು, ಕೊನೆಗೆ ವಾಂತಿ ಮತ್ತು ಏದುಸಿರು. ಈ ಹಂತದಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರೆ ಜೀವಕ್ಕೇ ಕುತ್ತು. ಇನ್ಸುಲಿನ್ ಸಿಗುವ ಮೊದಲು ಈ ಮಕ್ಕಳು ಬದುಕುತ್ತಿರಲಿಲ್ಲ. ಟೊರೊಂಟೊದಲ್ಲಿ 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಸಾವಿನ ಅಂಚಿನಲ್ಲಿದ್ದವನು ಮುಂದೆ ಹದಿಮೂರು ವರ್ಷ ಬದುಕಿದ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ ಇಪ್ಪತ್ತರ ಒಳಗಿನ ಸುಮಾರು 2.3 ಲಕ್ಷ ಮಂದಿಗೆ ಈ ಕಾಯಿಲೆ ಇದೆ. ಬೇರಾವ ದೇಶದಲ್ಲೂ ಇಷ್ಟಿಲ್ಲ.

ಇನ್ಸುಲಿನ್ ಹೊರಗಿನಿಂದಲೇ ಬರಬೇಕು, ಅಂದಮೇಲೆ ದಿನಕ್ಕೆ ಮೂರೋ ನಾಲ್ಕೋ ಸೂಜಿ, ಬೆರಳು ಚುಚ್ಚಿ ರಕ್ತ ನೋಡುವುದು, ತಿನ್ನುವ ಪ್ರತಿ ರೊಟ್ಟಿಗೂ ಲೆಕ್ಕ. ಭಾನುವಾರ ರಜೆ ಇಲ್ಲ, ಯುಗಾದಿಗೂ ಇಲ್ಲ, ರಂಜಾನಿಗೂ ಇಲ್ಲ.

ಅದರ ಮೇಲೆ ರಾಯಚೂರಿನ ಬೇಸಿಗೆ. ಒಡೆಯದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬಳಸಲು ತೆಗೆದದ್ದನ್ನು 30 ಡಿಗ್ರಿ ಮೀರದಂತೆ ನಾಲ್ಕು ವಾರ ಹೊರಗೆ ಇಡಬಹುದು. ಏಪ್ರಿಲ್‌ನಲ್ಲಿ ನಲವತ್ತೆರಡು ದಾಟುವ ಊರಲ್ಲಿ, ತಗಡಿನ ಮಾಡಿನ ಮನೆಯಲ್ಲಿ, ಅದೂ ಕರೆಂಟ್ ಹೋದ ಮಧ್ಯಾಹ್ನ? ಇದಕ್ಕೆ ಮಣ್ಣಿನ ಗಡಿಗೆಯೇ ಗತಿ. ದೊಡ್ಡ ಗಡಿಗೆಯೊಳಗೆ ಸಣ್ಣದೊಂದು ಗಡಿಗೆ, ಎರಡರ ನಡುವೆ ಉಸುಕು. ಉಸುಕಿಗೆ ಬೆಳಿಗ್ಗೆ ಸಂಜೆ ನೀರು. ಸೀಸೆಯನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಾರೆ. ನಮ್ಮದು ಒಣ ಸೆಕೆಯಾದ್ದರಿಂದ ನೀರು ಬೇಗ ಆರುತ್ತದೆ, ಆರಿದಷ್ಟೂ ಒಳಗೆ ತಂಪು. ಫ್ರಿಜ್ಜಿನಷ್ಟು ತಂಪಾಗದಿದ್ದರೂ ಬಳಕೆಯ ಸೀಸೆಗೆ ಸಾಕು. ಅಂಗಡಿಯವರ ಫ್ರಿಜ್ಜಿನಲ್ಲಿ ಐಸ್‌ ಪಕ್ಕಕ್ಕೆ ಇಟ್ಟು ಹೆಪ್ಪುಗಟ್ಟಿಸುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬಾರದು.

ಆ ಗಡಿಗೆ ಮನೆಯ ಯಾವ ಮೂಲೆಯಲ್ಲಿದೆ ಎಂಬುದನ್ನು ನಾನು ಗಮನಿಸುತ್ತೇನೆ. ಕೆಲವು ಮನೆಗಳಲ್ಲಿ ಅದು ಕುಡಿಯುವ ನೀರಿನ ಕೊಡದ ಪಕ್ಕದಲ್ಲೇ ಇರುತ್ತದೆ. ನೀರು ತುಂಬುವವರು ಅದಕ್ಕೂ ಒಂದು ಚೊಂಬು ಹಾಕುತ್ತಾರೆ, ಅಜ್ಜಿ ಹಾಕುತ್ತಾಳೆ, ತಮ್ಮ ಹಾಕುತ್ತಾನೆ. ಕೆಲವು ಮನೆಗಳಲ್ಲಿ ಒಳಕೋಣೆಯ ಕಾಳಿನ ಚೀಲಗಳ ಹಿಂದೆ ಅಡಗಿರುತ್ತದೆ. ಬೀಗರು ಬಂದರೆ ಅದರ ಮೇಲೊಂದು ಚಾದರ ಬೀಳುತ್ತದೆ. ಅಡಗಿಸಿಟ್ಟ ಮನೆಯ ಹುಡುಗಿ ಕಾಲೇಜಿನಲ್ಲೂ ಸೂಜಿ ಅಡಗಿಸುತ್ತಾಳೆ, ಪಾಯಿಖಾನೆಯಲ್ಲಿ ನಿಂತು ಚುಚ್ಚಿಕೊಳ್ಳುತ್ತಾಳೆ, ಅದಾಗದ ದಿನ ಬಿಟ್ಟೇಬಿಡುತ್ತಾಳೆ.

ಮನೆಯವರಿಗೆ ಕಾಣುವುದು ಕೊನೆಯದು ಮಾತ್ರ, ಬಿಟ್ಟದ್ದು. ಅದಕ್ಕೆ ಅವರು ಇಡುವ ಹೆಸರು ಸೊಕ್ಕು, ಆಲಸ್ಯ, ಉಡಾಫೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲಿ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಮಧುಮೇಹದ ಜೊತೆ ಬದುಕುವುದೇ ಎಷ್ಟು ದಣಿಸುತ್ತದೆ ಎಂದು ಅಳೆಯುವುದಕ್ಕೆ ಅದು. ಈ ದಣಿವು ಖಿನ್ನತೆಗಿಂತ ಬೇರೆ. ಖಿನ್ನತೆಯಲ್ಲಿ ಎಲ್ಲದರ ಮೇಲೂ ಆಸಕ್ತಿ ಹೋಗುತ್ತದೆ. ಇಲ್ಲಿ ಸಿನಿಮಾ ಬೇಕು, ಗೆಳೆಯರು ಬೇಕು, ಕಬಡ್ಡಿಯೂ ಬೇಕು, ಸೂಜಿಯ ಡಬ್ಬಿಯನ್ನು ನೋಡಲು ಮಾತ್ರ ಮನಸ್ಸಿಲ್ಲ. ಇಂಥವರಿಗೆ ಬುದ್ಧಿವಾದ ಹೇಳಿದಷ್ಟೂ ಅವರು ದೂರ ಸರಿಯುತ್ತಾರೆ. ಇನ್ನೊಂದು ಸಂಗತಿಯೂ ಇದರಲ್ಲಿ ಸೇರಿಕೊಂಡಿದೆ. ಹರೆಯದಲ್ಲಿ ದೇಹ ಬೆಳೆಯಲು ಸ್ರವಿಸುವ ಹಾರ್ಮೋನುಗಳೇ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಹಿಂದಿನ ವರ್ಷ ತಿಂದಷ್ಟೇ ತಿಂದು, ಹಿಂದಿನಷ್ಟೇ ಚುಚ್ಚಿಕೊಂಡರೂ ಮೀಟರಿನ ಅಂಕಿ ಏರುತ್ತದೆ. ಹುಡುಗ ನಿಜ ಹೇಳಿದರೂ "ಸುಳ್ಳು ಹೇಳ್ತಿ, ಏನೋ ತಿಂದಿ" ಎಂಬ ಮಾತು ತಪ್ಪುವುದಿಲ್ಲ. ನಾಲ್ಕು ಸಲ ಹೀಗಾದರೆ ಐದನೇ ಸಲ ಅವನು ರಕ್ತ ನೋಡದೇ ನೂರ ನಲವತ್ತು ಎಂದು ಬರೆದಿಡುತ್ತಾನೆ. ಮೀಟರಿನ ಅಂಕಿಯನ್ನು ಪರೀಕ್ಷೆಯ ಅಂಕದ ಹಾಗೆ ಓದಿದ್ದರ ಫಲ ಅದು. ಅಂಕಿ ಇರುವುದು ಮುಂದಿನ ಸೂಜಿ ಎಷ್ಟು ಎಂದು ತೀರ್ಮಾನಿಸಲು. ಹುಡುಗ ಒಳ್ಳೆಯವನೋ ಕೆಟ್ಟವನೋ ಎಂಬುದು ಅದರಲ್ಲಿ ಬರೆದಿರುವುದಿಲ್ಲ.

ಸಿಟ್ಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ಮೊದಲು ಕೆಡುವುದು ಮಿದುಳಿನ ಹದ. ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ರೇಗುತ್ತಾನೆ. ಕುಡಿದು ಬಂದನೇನೋ ಎಂದು ಮಾಸ್ತರು ತರಗತಿಯಿಂದ ಹೊರಗೆ ಹಾಕಿದರೂ ಆಶ್ಚರ್ಯವಿಲ್ಲ. ಆಗ ಬೇಕಾದದ್ದು ಮೂರು ಚಮಚ ಸಕ್ಕರೆ, ಹದಿನೈದು ನಿಮಿಷ ಕಾಯುವುದು, ಮತ್ತೊಮ್ಮೆ ರಕ್ತ ನೋಡುವುದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನು. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಒಪ್ಪಿಗೆ ಕೊಟ್ಟಿತು. ಯಾವ ಬೋರ್ಡಿನ ಶಾಲೆಯೇ ಆಗಿರಲಿ, ಡೆಸ್ಕಿನೊಳಗೆ ಒಂದು ಬೆಲ್ಲದ ಚೂರು ಇರಲು ಸುತ್ತೋಲೆ ಬರುವವರೆಗೆ ಮಾಸ್ತರು ಕಾಯಬೇಕಿಲ್ಲ.

ಇಷ್ಟೆಲ್ಲ ಇದ್ದರೂ ಮನೆಗಳಲ್ಲಿ ಹೆಚ್ಚು ಹೊತ್ತು ನಡೆಯುವ ಮಾತು ಬೇರೆಯೇ. ಯಾವ ಪಾಪಕ್ಕೆ ಬಂತು? ಯಾರ ಕಣ್ಣು? ಯಾವ ಹರಕೆ ಉಳಿಯಿತು? ಹುಡುಗನೂ ರಾತ್ರಿ ಹಾಸಿಗೆಯಲ್ಲಿ ಇದನ್ನೇ ಕೇಳಿಕೊಳ್ಳುತ್ತಾನೆ. ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಒಂದು ದೊಡ್ಡ ಕಥೆಯೇ ಇದೆ.

ಮಾನ್ವಿಯ ಜಗನ್ನಾಥದಾಸರು (1728–1809) ಹರಿಕಥಾಮೃತಸಾರ ಬರೆದವರೆಂದು ಎಲ್ಲರಿಗೂ ಗೊತ್ತು. ಹುಟ್ಟಿದ್ದು ಬ್ಯಾಗವಾಟದಲ್ಲಿ, ಮೊದಲ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದ ಘನ ಪಂಡಿತ, ಕನ್ನಡದ ಹಾಡುಗಳೆಂದರೆ ತಾತ್ಸಾರ. ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ, ಹೊಟ್ಟೆನೋವು ಎಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ನಿಜವಾಗಿಯೂ ಹೊಟ್ಟೆನೋವು ಬಂತು, ಯಾವ ಮದ್ದಿಗೂ ಬಗ್ಗಲಿಲ್ಲ. ಹಣ್ಣಾಗಿ ಹೋದ ಆ ತರುಣ ಕೊನೆಗೆ ವಿಜಯದಾಸರ ಬಳಿಯೇ ಬಂದಾಗ, ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ದೇವದುರ್ಗ ಕಡೆಯ ಮೊಸರಕಲ್ಲಿನವರು. ಅವರು ರೋಗಿಗೆ ಒಂದು ಜೋಳದ ರೊಟ್ಟಿ ಕೊಟ್ಟರು, ಜೊತೆಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರು ಎಂಬುದು ದಾಸ ಪರಂಪರೆಯ ನಂಬಿಕೆ. ಕೊಟ್ಟವರು ನಡುವಯಸ್ಸಿನಲ್ಲೇ ಹೋದರು, ಪಡೆದವರು ಎಂಬತ್ತು ದಾಟಿ ಬದುಕಿದರು.

ಈ ಕಥೆಯಲ್ಲಿ ಎರಡು ಅರ್ಧಗಳಿವೆ. ಅಪರಾಧ ಮಾಡಿದ್ದಕ್ಕೆ ರೋಗ ಬಂತು ಎಂಬುದು ಮೊದಲನೆಯದು, ಇನ್ನೊಬ್ಬನ ರೋಗಕ್ಕೆ ತನ್ನ ಪಾಲು ಕೊಟ್ಟವನೊಬ್ಬ ಇದ್ದ ಎಂಬುದು ಎರಡನೆಯದು. ಮಾನ್ವಿ, ದೇವದುರ್ಗದ ಮನೆಗಳಲ್ಲಿ ಬಾಯಿಪಾಠವಾಗಿ ಉಳಿದದ್ದು ಮೊದಲ ಅರ್ಧ ಮಾತ್ರ ಎಂದು ನನಗೆ ಅನ್ನಿಸುತ್ತದೆ. ಪಂಡಿತನ ಅಹಂಕಾರಕ್ಕೆ ಹೊಟ್ಟೆನೋವು ಬಂದದ್ದನ್ನು ಭಕ್ತಿಯಿಂದ ಹೇಳಿಕೊಳ್ಳಲಿ, ತಕರಾರಿಲ್ಲ. ಆದರೆ ಆರನೇ ಈಯತ್ತೆಯ ಹುಡುಗಿಗೆ ಯಾವ ಅಹಂಕಾರ? ಹೇಳಿಕೆ ಕೇಳಲು ಹೋಗುವುದು, ತಾಯತ ಕಟ್ಟುವುದು, ಇವುಗಳಿಂದ ಅವ್ವನ ಮನಸ್ಸಿಗೆ ಒಂದಿಷ್ಟು ಸಮಾಧಾನ ಸಿಕ್ಕರೆ ಸಿಗಲಿ. ಸೂಜಿ ಮತ್ತು ಮಾತ್ರೆ ನಿಲ್ಲಿಸಬೇಕು ಎಂದವನ ಹೊಸ್ತಿಲನ್ನು ಮಾತ್ರ ಮತ್ತೆ ತುಳಿಯಬಾರದು.

ಎರಡನೆಯ ಅರ್ಧ ಹೆಚ್ಚು ಉಪಯೋಗದ್ದು. ಆಯುಷ್ಯ ಕೊಡಲು ನಮ್ಮಿಂದಾಗದು, ದಿನದ ಕೆಲಸದಲ್ಲಿ ಪಾಲು ತೆಗೆದುಕೊಳ್ಳಬಹುದು. ಹರೆಯದವರ ಮಧುಮೇಹದ ಮೇಲೆ ನಡೆದ ಅಧ್ಯಯನಗಳು ಪದೇಪದೇ ಹೇಳುವುದೂ ಇದನ್ನೇ: ಹುಡುಗ ದೊಡ್ಡವನಾದ ಎಂದು ಎಲ್ಲವನ್ನೂ ಅವನ ತಲೆಗೆ ಕಟ್ಟಿದ ಮನೆಯಲ್ಲಿ ಸಕ್ಕರೆ ಹತೋಟಿ ತಪ್ಪುತ್ತದೆ, ಎಲ್ಲವನ್ನೂ ಅಪ್ಪ ಅಮ್ಮನೇ ಹಿಡಿದುಕೊಂಡ ಮನೆಯಲ್ಲಿ ಜಗಳ ಏಳುತ್ತದೆ, ಹಂಚಿಕೊಂಡ ಮನೆ ತಕ್ಕಮಟ್ಟಿಗೆ ನಡೆಯುತ್ತದೆ. ರಾತ್ರಿಯ ಸೂಜಿ ಅಪ್ಪನ ಪಾಲಿಗಿರಲಿ, ರಕ್ತ ನೋಡುವ ಸ್ಟ್ರಿಪ್ ತೀರುವ ಮೊದಲು ತರುವುದು ಅಣ್ಣನ ಪಾಲಿಗಿರಲಿ. "ಹಾಕ್ಕೊಂಡಿ?" ಎಂದು ಅಡುಗೆಮನೆಯಿಂದ ಕೂಗಿ ಕೇಳುವ ಬದಲು ಡಬ್ಬಿ ಹಿಡಿದು ಪಕ್ಕದಲ್ಲಿ ಕೂತರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒಂದು ಮನೆಯಲ್ಲಿ ತಿಂಗಳಿಗೊಂದು ದಿನ ಎಲ್ಲರೂ ಸಾಲಾಗಿ ಕೂತು ಬೆರಳು ಚುಚ್ಚಿಸಿಕೊಳ್ಳುವುದನ್ನು ಕಂಡಿದ್ದೇನೆ. ಅಂದು ಹುಡುಗಿಯೇ ಡಾಕ್ಟರು, ಅಜ್ಜಿಯ ಅಂಕಿ ಏರಿದ್ದರೆ ಬೈಯುವುದೂ ಅವಳೇ. ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿ ಆಸುಪಾಸು ಬೀಳುವುದರಿಂದ ಎಲ್ಲ ಮನೆಗೂ ಇದು ಆಗುವ ಮಾತಲ್ಲ, ಒಪ್ಪುತ್ತೇನೆ.

ವಾಸೀಂ ಅಕ್ರಂಗೆ 1997ರಲ್ಲಿ ಟೈಪ್ 1 ಎಂದು ಗೊತ್ತಾಯಿತು, ಆಮೇಲೂ 2003ರವರೆಗೆ ಬೌಲಿಂಗ್ ಮಾಡಿದ. ಹಾರಿ ಹಾರಿ ಕ್ಯಾಚು ಹಿಡಿಯುತ್ತಿದ್ದ ಜಾಂಟಿ ರೋಡ್ಸ್‌ಗೆ ಮೂರ್ಛೆರೋಗ ಇತ್ತು. ಹುಡುಗರಿಗೆ ಈ ಹೆಸರುಗಳನ್ನು ಹೇಳಿದರೆ ಕಣ್ಣು ಅರಳುತ್ತವೆ. ಹೇಳಿ, ಒಂದು ಸಲ ಸಾಕು. ದಿನಾ ಹೇಳಿದರೆ ಅದೂ ಹೊರೆಯೇ. ಕಾಯಿಲೆ ಇದ್ದವನು ಏನಾದರೂ ಸಾಧಿಸಿ ತೋರಿಸಲೇಬೇಕು ಎಂಬ ಸಾಲ ಅವನ ಮೇಲೆ ಏಕೆ? ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಅಂಗಡಿ ಇಟ್ಟು, ಸಂಜೆ ಮಿರ್ಚಿ ತಿಂದು, ಸಾಧಾರಣವಾಗಿ ಬದುಕುವ ಹಕ್ಕು ಅವನಿಗೂ ಇದೆ.

ಮೂರ್ಛೆರೋಗದ ಕಷ್ಟ ಇನ್ನೊಂದು ಬಗೆಯದು. ಸೂಜಿಯನ್ನು ಅಡಗಿಸಬಹುದು, ಫಿಟ್ಸ್ ಬಂದದ್ದನ್ನು ಅಡಗಿಸಲಾಗದು. ಸಂತೆಯಲ್ಲಿ ಬಿದ್ದರೆ ಇಡೀ ಸಂತೆ ನೋಡುತ್ತದೆ. ಬಿದ್ದವಳಿಗೆ ಆ ಎರಡು ನಿಮಿಷ ನೆನಪಿರುವುದಿಲ್ಲ. ಎಚ್ಚರವಾದಾಗ ಕಾಣುವುದು ಸುತ್ತ ಬಗ್ಗಿದ ಮುಖಗಳು, ಕೈಯಲ್ಲಿ ತುರುಕಿದ ಬೀಗದ ಕೈ, ಮೂಗಿನ ಹತ್ತಿರ ಈರುಳ್ಳಿಯೋ ಚಪ್ಪಲಿಯೋ. ಆ ಅವಮಾನ ಕಾಯಿಲೆಗಿಂತ ಹೆಚ್ಚು ದಿನ ಕಾಡುತ್ತದೆ. ಕಬ್ಬಿಣ, ಚಪ್ಪಲಿ ಯಾವುದೂ ಬೇಡ. ಮಗ್ಗುಲಿಗೆ ಹೊರಳಿಸಿ ಮಲಗಿಸುವುದು, ತಲೆಯ ಕೆಳಗೆ ಟವೆಲ್ ಇಡುವುದು, ಬಾಯಿಗೆ ಏನೂ ಹಾಕದಿರುವುದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯುವುದು. ಆಮೇಲೆ ಗುಂಪನ್ನು ಚದುರಿಸಿ, ಅವಳ ಬಟ್ಟೆ ಸರಿಮಾಡಿ, ನೀರು ಕೊಡುವವರು ಒಬ್ಬರಿದ್ದರೆ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಔಷಧ ಸಿಕ್ಕರೆ ಈ ರೋಗಿಗಳಲ್ಲಿ ನೂರಕ್ಕೆ ಎಪ್ಪತ್ತು ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು. ಮಾತ್ರೆಗಳೂ ದುಬಾರಿಯವಲ್ಲ. ಮಾತ್ರೆಯ ಸರಪಳಿ ತುಂಡಾಗುವುದು ದೇವದುರ್ಗದ ಗುಳೆಯಲ್ಲಿ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಟವನು ಒಂದು ತಿಂಗಳ ಮಾತ್ರೆ ಕಟ್ಟಿಕೊಂಡು ಹೋಗುತ್ತಾನೆ. ಎರಡನೇ ತಿಂಗಳು ಆ ಊರಿನ ಆಸ್ಪತ್ರೆ ಎಲ್ಲಿದೆ ಗೊತ್ತಿಲ್ಲ, ಕೆಲಸ ಬಿಟ್ಟರೆ ಕೂಲಿ ಇಲ್ಲ, ಶೆಡ್ಡಿನಲ್ಲಿ ನಿದ್ದೆಯೂ ಇಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುತ್ತದೆ, ಅದು ಸಾರುವೆಯ ಮೇಲೆ ನಿಂತಾಗ ಬಂದರೆ ಮುಂದಿನದು ಹೇಳಬೇಕಿಲ್ಲ. ಮೇಸ್ತ್ರಿಗೆ ಹೇಳಿದರೆ ಕೆಲಸ ಹೋಗುತ್ತದೆಂದು ಅವನು ಬಾಯಿ ಬಿಡುವುದಿಲ್ಲ. ಜೊತೆಗೆ ಹೋಗುವ ಊರಿನವನೊಬ್ಬನಿಗಾದರೂ ಹೇಳಿರಬೇಕು. ಮಾತ್ರೆಯ ಹೆಸರು ಬರೆದ ಚೀಟಿಯ ಫೋಟೊ ಇಬ್ಬರ ಮೊಬೈಲಿನಲ್ಲೂ ಇರಬೇಕು. ಎತ್ತರದ ಕೆಲಸ ಬಿಟ್ಟು ನೆಲದ ಕೆಲಸ ಕೇಳಿಕೊಳ್ಳಬೇಕು. ಮಾನ್ವಿ ಕಡೆಯವರಾದರೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಒಬ್ಬರೇ ಈಜಲು ಇಳಿಯಬಾರದು. ನೀರಮಾನ್ವಿ ಎಲ್ಲಮ್ಮನ ಜಾತ್ರೆಗೆ ಹೋಗಲಿ, ಆದರೆ ರಾತ್ರಿಯಿಡೀ ಎದ್ದಿರುವುದು ಬೇಡ. ಏನೇನು ಬೇಡ ಎಂಬ ಪಟ್ಟಿ ಸಣ್ಣದಿದ್ದಷ್ಟೂ ಹರೆಯದವರು ಅದನ್ನು ಪಾಲಿಸುತ್ತಾರೆ. ಎಲ್ಲದಕ್ಕೂ ಬೇಡ ಅಂದರೆ ಎಲ್ಲವನ್ನೂ ಕದ್ದು ಮಾಡುತ್ತಾರೆ.

ಕಾಯಿಲೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿಯನ್ನೂ ಸೇರಿಸುತ್ತೇನೆ. ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಎಂಟು ವರ್ಷದೊಳಗೆ, ಹಲ್ಲು ರೂಪುಗೊಳ್ಳುವಾಗ ಅದು ಸೇರಿದರೆ ಕಂದು ಕಲೆ ಜೀವನಪೂರ್ತಿ. ನೋವಿಲ್ಲ, ಜ್ವರವಿಲ್ಲ. ಕಾಲೇಜಿನ ಫೋಟೊದಲ್ಲಿ ಬಾಯಿ ಮುಚ್ಚಿ ನಿಂತ ಹುಡುಗಿಯರನ್ನು, ನಗುವಾಗ ಕೈ ಅಡ್ಡ ಹಿಡಿಯುವ ಹುಡುಗರನ್ನು ನೋಡಿದರೆ ಅದು ಎಲ್ಲಿ ತಾಗಿದೆ ಎಂದು ತಿಳಿಯುತ್ತದೆ. "ಹಲ್ಲು ತಿಕ್ಕಂಗಿಲ್ಲೇನು?" ಎಂದು ಕೇಳುವ ಬೆಂಗಳೂರಿನ ಸಂದರ್ಶಕನಿಗೆ ಇದು ತಿಳಿದಿರುವುದಿಲ್ಲ.

ನೆರವು ಎಲ್ಲಿದೆ? ಏಮ್ಸ್ ಬೇಕು ಎಂದು ರಾಯಚೂರಿನಲ್ಲಿ 2022ರ ಮೇ 13ರಂದು ಕುಳಿತ ಧರಣಿ ಸಾವಿರ ದಿನ ದಾಟಿತು. ಆ ಬೇಡಿಕೆ ನ್ಯಾಯದ್ದು. ನರರೋಗಕ್ಕೆ, ಮೂತ್ರಪಿಂಡಕ್ಕೆ ಹೈದರಾಬಾದಿನ ರೈಲು ಹತ್ತುವವರ ಜೊತೆ ಒಮ್ಮೆ ಹೋದವರು ಅದನ್ನು ಅಲ್ಲಗಳೆಯಲಾರರು. ಆದರೆ ದೀರ್ಘ ಕಾಯಿಲೆಯ ಹುಡುಗನ ಬದುಕು ಹಸನಾಗುವುದು ವರ್ಷಕ್ಕೊಮ್ಮೆ ನೋಡುವ ದೊಡ್ಡ ಡಾಕ್ಟರರಿಂದಲ್ಲ. ತಿಂಗಳು ತಿಂಗಳು ಅದೇ ಮುಖವನ್ನು ಗುರುತು ಹಿಡಿದು ಹೆಸರು ಕರೆಯುವ ತಾಲ್ಲೂಕು ಆಸ್ಪತ್ರೆಯ ನರ್ಸಿನಿಂದ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ಅಲ್ಲಿಂದ ರಾಯಚೂರಿಗೆ ಹೋಗಿ ಬರುವುದೆಂದರೆ ಇಬ್ಬರ ಒಂದು ದಿನದ ಕೂಲಿ. ಹತ್ತಿರವಿರುವುದನ್ನು ಬಳಸುವುದೇ ಸರಿ.

ಹತ್ತಿರ ಇರುವುದು ಜನ ಅಂದುಕೊಂಡಷ್ಟು ಕಡಿಮೆಯೂ ಅಲ್ಲ. ಮನಸ್ಸಿನ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೊಡಬಹುದು ಎಂದು ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಪಕ್ಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಶುರುವಾಗಿದೆ. 14416ಕ್ಕೆ ಯಾವ ಹೊತ್ತಿನಲ್ಲಿ ಫೋನು ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಗೆಳೆಯರನ್ನೂ ಆಟವನ್ನೂ ಬಿಟ್ಟು ಮೂಲೆ ಸೇರಿದರೆ ಕಾಯಬೇಡಿ. "ನಿಮಗ ನಾ ಭಾರ ಆದೆ", "ನಾ ಇಲ್ಲಾಂದ್ರ ಚಲೋ ಇತ್ತು" ಎಂಬ ಮಾತು ತಮಾಷೆಗೆ ಬಂದರೂ ತಮಾಷೆ ಎಂದು ಬಿಡಬೇಡಿ. ಅಂದೇ ಫೋನು ಮಾಡಿ, ಅಂದು ಅವರನ್ನು ಒಬ್ಬರೇ ಮಲಗಲು ಬಿಡಬೇಡಿ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋದೀತು ಎಂಬ ಹೆದರಿಕೆಗೆ ಆಧಾರವಿಲ್ಲ. ಕೇಳಿದರೆ ಎದೆ ಹಗುರಾಗುತ್ತದೆ.

ಕಾಗದಪತ್ರದ ಮಾತೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಿಕೊಳ್ಳುವ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ದೀರ್ಘಕಾಲದ ನರರೋಗಗಳು ಅದರಲ್ಲಿವೆ. ಟೈಪ್ 1 ಮಧುಮೇಹ ಇಲ್ಲ. ಅಂಗವಿಕಲರ ಕಾರ್ಡು ಸಿಗುವ ಹುಡುಗರೂ ಅದನ್ನು ಮಾಡಿಸಲು ಹಿಂಜರಿಯುತ್ತಾರೆ, ಆ ಹೆಸರು ಅಂಟಿಕೊಂಡೀತು ಎಂದು. ಬಸ್ ಪಾಸಿಗೂ ವಿದ್ಯಾರ್ಥಿವೇತನಕ್ಕೂ ಅದು ಬೇಕಾಗುತ್ತದೆ. ಮಾಡಿಸಿ ಪೆಟ್ಟಿಗೆಯಲ್ಲಿಡಿ, ಯಾವಾಗ ತೋರಿಸಬೇಕೆಂದು ಅವರೇ ತೀರ್ಮಾನಿಸಲಿ.

ಕೊನೆಗೆ ಎಲ್ಲ ಮನೆಗಳ ಮಾತೂ ಬಂದು ನಿಲ್ಲುವುದು ಮದುವೆಯಲ್ಲಿ. ಕಾಯಿಲೆಯನ್ನು ಮುಚ್ಚಿಡಲು ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ, ಹುಡುಗಿಯನ್ನು ಕೇಳುವುದೇ ಇಲ್ಲ. ಮದುವೆಯಾದ ವಾರ ಅವಳು ಮಾತ್ರೆ ನುಂಗಲು ಹೆದರುತ್ತಾಳೆ, ನಿದ್ದೆಗೆಡುತ್ತಾಳೆ, ಫಿಟ್ಸ್ ಬರುತ್ತದೆ, ತವರಿಗೆ ಕಳಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದು ಇದ್ದದ್ದನ್ನು ಸಂಸತ್ತು 1999ರಲ್ಲೇ ತೆಗೆದುಹಾಕಿದೆ. ವಿಶೇಷ ವಿವಾಹ ಕಾಯ್ದೆಯಿಂದಲೂ ತೆಗೆದಿದೆ. ಅಂದರೆ ಕಾಯಿಲೆ ಇದ್ದದ್ದು ತಪ್ಪಲ್ಲ. ಮುಚ್ಚಿಟ್ಟರೆ ಮಾತ್ರ ಮೋಸ ಎಂಬ ಜಗಳಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಹೇಳಿಬಿಡುವುದು ಒಳ್ಳೆಯದು, ಅದೂ ನಿಶ್ಚಯಕ್ಕೆ ಮೊದಲು, ಸಾಧ್ಯವಾದರೆ ಅವಳ ಬಾಯಿಂದಲೇ, ಅಳುವಿಲ್ಲದೆ, ಕ್ಷಮೆ ಕೇಳದೆ: "ನನಗ ಫಿಟ್ಸ್ ಬರ್ತಿದ್ವು. ಮಾತ್ರಿ ತಗೋತೀನಿ. ಎರಡು ವರ್ಷ ಆತು, ಬಂದಿಲ್ಲ. ಮಾತ್ರಿ ಮಾತ್ರ ಬಿಡಂಗಿಲ್ಲ." ಇಷ್ಟಕ್ಕೆ ಎದ್ದು ಹೋಗುವವರು ಹೋಗಲಿ. ಒಪ್ಪಿದವರನ್ನು ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೇ ಕರೆದೊಯ್ಯಬೇಕು. ವಾಲ್‌ಪ್ರೊಯೇಟ್‌ನಂಥ ಕೆಲವು ಮಾತ್ರೆಗಳು ಬಸಿರಿನಲ್ಲಿ ಮಗುವಿಗೆ ಸಲ್ಲವು. ಅವನ್ನು ಬದಲಿಸುವುದು ಬಸಿರಾಗುವ ಮೊದಲೇ ಆಗಬೇಕು, ಅದನ್ನು ಡಾಕ್ಟರು ಮಾಡಬೇಕು, ಅವಳಾಗಿಯೇ ನಿಲ್ಲಿಸಬಾರದು, ಅತ್ತೆಯೂ ನಿಲ್ಲಿಸಬಾರದು.